ಕಿವಿಯಣ್ಣನ ಹಲ್ಲು, ಡಾಕ್ಟರ ಕ್ಯಾಮ್

ಕಿವಿಯಣ್ಣನಿಗೆ ಆ ಹೆಸರು ಬಂದದ್ದು ಕಿವಿಯಿಂದಲ್ಲ, ಹಲ್ಲಿನಿಂದ. ಅವನ ಎಡಗಿವಿ ಇಪ್ಪತ್ತೆರಡನೇ ವಯಸ್ಸಿನಲ್ಲೇ ಕೈಕೊಟ್ಟಿತ್ತು. ಲಾರಿಯೊಂದರ ಸೈಲೆನ್ಸರ್ ಬಾಯಿಗೆ ತಲೆ ಒಡ್ಡಿ, ಒಳಗೇನು ಕಟ್ಟಿಕೊಂಡಿದೆ ಎಂದು ಇಣುಕುತ್ತಿದ್ದಾಗ, ಮೇಲೆ ಕೂತಿದ್ದ ಡ್ರೈವರ್ ಬೇಸರಕ್ಕೆ ಕೀಲಿ ತಿರುಗಿಸಿದ. ಕಟ್ಟಿಕೊಂಡದ್ದು ಢಮ್ಮೆಂದು ಬಿಟ್ಟಿತು, ಅದರ ಜೊತೆಗೆ ಕಿವಿಯೂ ಹೋಯಿತು. ಉಳಿದ ಬಲಗಿವಿ ಜೊತೆಗಾರನನ್ನು ಕಳಕೊಂಡ ದುಃಖಕ್ಕೋ ಏನೋ, ಅವತ್ತಿನಿಂದ ಅರೆಮನಸ್ಸಿನಲ್ಲಿ ಕೆಲಸ ಮಾಡತೊಡಗಿತು.

ಬೇರೆ ಯಾರಾದರೂ ಆಗಿದ್ದರೆ ಇಂಜಿನ್ ರಿಪೇರಿ ಬಿಟ್ಟು ಬಣ್ಣ ಬಳಿಯುವ ಕೆಲಸಕ್ಕೆ ಹೋಗುತ್ತಿದ್ದರು. ಕಿವಿಯಣ್ಣ ಒಂದೂವರೆ ಅಡಿ ಉದ್ದದ, ಮರದ ಹಿಡಿಯ ಸ್ಕ್ರೂಡ್ರೈವರ್ ಹಿಡಿದ. ಅದರ ತುದಿಯನ್ನು ಓಡುತ್ತಿರುವ ಇಂಜಿನ್‌ಗೆ ಒತ್ತಿ, ಹಿಡಿಯನ್ನು ಮುಂಬಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಸದ್ದು ಕಬ್ಬಿಣದಿಂದ ಮರಕ್ಕೆ, ಮರದಿಂದ ಹಲ್ಲಿಗೆ, ಹಲ್ಲಿನಿಂದ ನೇರ ಬುರುಡೆಗೆ ಏರುತ್ತಿತ್ತು. ನೋಡಿದವರಿಗೆ ಮೂಳೆ ಕಚ್ಚಿಕೊಂಡು ಧ್ಯಾನಕ್ಕೆ ಕೂತ ನಾಯಿಯ ಹಾಗೆ ಕಾಣುತ್ತಿದ್ದ. ಆದರೆ ಕಣ್ಣು ತೆರೆದು, "ಮೂರನೇ ಸಿಲಿಂಡರಿನ ಟ್ಯಾಪೆಟ್ಟು, ಹೊಗೆ ಬಿಡೋ ವಾಲ್ವು" ಎಂದರೆ ಮುಗಿಯಿತು, ಬಿಚ್ಚಿದಾಗ ಅದೇ ಇರುತ್ತಿತ್ತು. ಮೂವತ್ತಾರು ವರ್ಷ ಹೀಗೆ ನಡೆಯಿತು. ಜನ ಅವನ ಕಿವಿಯನ್ನು ಹಾಡಿಹೊಗಳಿದರು, ಅವನೂ ತಿದ್ದಲು ಹೋಗಲಿಲ್ಲ.

ಅವನ ಹೆಂಡತಿ ಅವನ ರಿಪೇರಿ ಶೆಡ್ಡಿನ ಇನ್ನೊಂದು ಅರ್ಧ. ಮದುವೆಗೆ ಮುಂಚೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವಳು. ಕೂದಲೆಳೆಯನ್ನು ಹತ್ತು ಪಾಲು ಮಾಡಿ ಅದರಲ್ಲೊಂದು ಪಾಲು ಹೆಚ್ಚುಕಮ್ಮಿಯಾದರೂ ಅವಳಿಗೆ ಮುಖ ಗಂಟಾಗುತ್ತಿತ್ತು. ಮದುವೆಯಾದ ವರ್ಷವೇ ಗಂಡ ಒಂದು ವಾಲ್ವನ್ನು ಅದು ಕೂರುವ ಸೀಟಿನ ಮೇಲೆ ಉಜ್ಜುವ ಪೇಸ್ಟು ಹಚ್ಚಿ ತಿರುಗಿಸುವುದನ್ನು ನೋಡಿ, "ಹೀಗಾ ಉಜ್ಜೋದು? ಕೊಡಿ ಇಲ್ಲಿ" ಎಂದು ಕಿತ್ತುಕೊಂಡಳು. ಆಮೇಲೆ ಅದನ್ನು ವಾಪಸು ಕೊಡಲೇ ಇಲ್ಲ. ಇಂಜಿನ್ನಿನ ತಲೆಯ ಮೇಲೆ ಕೂರುವ ಕಬ್ಬಿಣದ ಮುಚ್ಚಳಕ್ಕೆ, ಅಂದರೆ ವಾಲ್ವು, ಸ್ಪ್ರಿಂಗು, ಗೈಡುಗಳೆಲ್ಲ ಇರುವ ಭಾಗಕ್ಕೆ, ಹೆಡ್ ಎನ್ನುತ್ತಾರೆ. ಹೆಡ್ ಕೆಲಸದ ಅಕ್ಕ ಎಂದು ಶುರುವಾದದ್ದು ಬಾಯಿಂದ ಬಾಯಿಗೆ ಸವೆದು 'ಹೆಡ್ಡಕ್ಕ' ಆಯಿತು. ಎದುರಿಗೆ ಹಾಗೆ ಕರೆದ ಮೊದಲ ಗಿರಾಕಿಯನ್ನು ಅವಳು ಕನ್ನಡಕದ ಮೇಲಿಂದ ನೋಡಿ, "ಹೆಡ್ಡರ ಕೆಲಸ ಮಾಡೋಳು ಅಂತ ತಾನೇ? ಸರಿಯಾಗೇ ಇದೆ, ಗಾಡಿ ಆಚೆ ನಿಲ್ಸಿ" ಎಂದಿದ್ದಳು. ಹೆಸರು ನಿಂತುಬಿಟ್ಟಿತು.

ಗಂಡಹೆಂಡಿರ ಜಗಳ ಒಂದೇ, ಮೂವತ್ತು ವರ್ಷದಿಂದ ಅದೇ. ಅವನು ಕೇಳಿ ಹೇಳುತ್ತೇನೆ ಎನ್ನುತ್ತಿದ್ದ, ಅವಳು ಅಳೆದು ಹೇಳುತ್ತೇನೆ ಎನ್ನುತ್ತಿದ್ದಳು. ಅವಳ ಡ್ರಾಯರಿನಲ್ಲಿ ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜು, ಗಡಿಯಾರದ ಮುಖದ ಡಯಲ್ ಗೇಜು, ವರ್ನಿಯರ್, ಎಲ್ಲ ಮಲ್ಲು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿರುತ್ತಿದ್ದವು. ಕಿವಿಯಣ್ಣ ಅವನ್ನು ನಿನ್ನ ಒಡವೆ ಪೆಟ್ಟಿಗೆ ಎಂದು ಅಣಕಿಸುತ್ತಿದ್ದ.

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು.

ಡಾಕ್ಟರಿಗೆ ನಲವತ್ತೈದು. ವಾರದ ಆರು ದಿನ ಬೇರೆಯವರ ಬಾಯಿಗೆ ಕೈಯಿಟ್ಟು, ಏಳನೇ ದಿನ ಊರಾಚೆಯ ಪಾಳು ವಿಮಾನಪಟ್ಟಿಯ ಮೇಲೆ ತಮ್ಮ ಎರಡು ಬಾಗಿಲಿನ ಹಳೇ ಕೆಂಪು ಕಾರನ್ನು ಸುತ್ತು ಹೊಡೆಸುತ್ತಿದ್ದರು. ಅಲ್ಲಿ ಅವರಂಥ ಕಾಯಿಲೆಯವರು ಎಂಟು ಜನ ಸೇರುತ್ತಿದ್ದರು: ಒಬ್ಬ ವಕೀಲ, ಒಬ್ಬ ಹೂವಿನಂಗಡಿಯವ, ಹೀಗೆ. ಡಾಕ್ಟರ ದುಃಖವೆಂದರೆ ಎರಡು ವರ್ಷದಿಂದ ಪ್ರತಿ ಭಾನುವಾರ ಅವರನ್ನು ಹಿಂದೆ ಹಾಕುತ್ತಿದ್ದದ್ದು ಒಬ್ಬ ನಿವೃತ್ತ ಪೋಸ್ಟ್ ಮಾಸ್ಟರ್. ಜೀವಮಾನವಿಡೀ ಕಾಗದಗಳನ್ನು ತಡವಾಗಿ ತಲುಪಿಸಿದ ಮನುಷ್ಯ ತನಗಿಂತ ಮುಂಚೆ ಗುರಿ ಮುಟ್ಟುತ್ತಾನೆಂಬುದನ್ನು ಅವರಿಗೆ ನುಂಗಿಕೊಳ್ಳಲಾಗುತ್ತಿರಲಿಲ್ಲ.

"ಕಿವಿಯಣ್ಣ, ನನಗೆ ಹೈ-ಲಿಫ್ಟ್ ಕ್ಯಾಮ್ ಹಾಕ್ಕೊಡಿ" ಎಂದರು, ಶೆಡ್ಡಿಗೆ ಕಾಲಿಟ್ಟ ಗಳಿಗೆಯೇ.

ಕಿವಿಯಣ್ಣ ಕೈ ಒರೆಸಿಕೊಂಡ. "ನೋಡಿ ಡಾಕ್ಟ್ರೇ, ವಾಲ್ವು ಅಂದ್ರೆ ಇಂಜಿನ್ ಉಸಿರಾಡೋ ಬಾಗಿಲು. ಕ್ಯಾಮು ಆ ಬಾಗಿಲು ತೆಗೆಯೋ ಆಳು. ಒಂದು ಸಲಾಕೆ, ಅದರ ಮೇಲೆ ಮೊಟ್ಟೆ ಥರ ಉಬ್ಬು. ತಿರುಗಿದಾಗ ಉಬ್ಬು ಬಂದು, ನಡುವೆ ಟ್ಯಾಪೆಟ್ ಅನ್ನೋ ಕಬ್ಬಿಣದ ಗುಂಡಿ ಇದೆ, ಅದರ ಮೂಲಕ ವಾಲ್ವನ್ನ ತಳ್ಳತ್ತೆ. ಉಬ್ಬು ಎತ್ತರ ಮಾಡಿದ್ರೆ ಬಾಗಿಲು ಜಾಸ್ತಿ ತೆಗೆಯತ್ತೆ, ಗಾಳಿ ಜಾಸ್ತಿ ನುಗ್ಗತ್ತೆ, ಶಕ್ತಿ ಬರತ್ತೆ. ಆದ್ರೆ ಇದು ಬಾಗಿಲನ್ನ ಮೆಲ್ಲಗೆ ತಳ್ಳಲ್ಲ, ಒದೆಯತ್ತೆ."

"ಒದೀಲಿ ಬಿಡಿ."

ಮೂಲೆಯ ಬೆಂಚಿನಿಂದ ಹೆಡ್ಡಕ್ಕ ತಲೆಯೆತ್ತದೆ ಹೇಳಿದಳು: "ಒದ್ದು ತೆಗೆದ ಬಾಗಿಲನ್ನ ಅಷ್ಟೇ ಜೋರಾಗಿ ಮುಚ್ಚಬೇಕು ಡಾಕ್ಟ್ರೇ. ಅದಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಗಟ್ಟಿಯಾದ್ರೆ ಉಬ್ಬಿನ ಮೇಲೆ ಭಾರ, ಉಬ್ಬು ಉಜ್ಜೋ ಟ್ಯಾಪೆಟ್ ಮೇಲೆ ಭಾರ. ವಾಲ್ವ್ ಕಡ್ಡೀನ ಪಕ್ಕಕ್ಕೆ ನೂಕಿ ನೂಕಿ, ಅದು ಓಡಾಡೋ ಕೊಳವೆ, ಗೈಡು, ಅಗಲ ಆಗತ್ತೆ. ಒಂದೊಂದೂ ಸವೆಯತ್ತೆ. ಅಳೆದು ಕೂರಿಸಿದ್ರೆ ನಾಲ್ಕು ದಿನ ಜಾಸ್ತಿ ಬಾಳತ್ತೆ, ಇಲ್ದಿದ್ರೆ ಇಲ್ಲ."

ಡಾಕ್ಟರು ಅವಳ ಮಾತನ್ನು, ತಮ್ಮ ರೋಗಿಗಳು 'ಸಿಹಿ ಕಮ್ಮಿ ಮಾಡಿ' ಎಂಬ ಮಾತನ್ನು ಕೇಳುವ ಹಾಗೆ ಕೇಳಿದರು. ಅಂದರೆ ತಲೆಯಾಡಿಸಿದರು, ಅಷ್ಟೇ.

ಆಮೇಲೆ ಕಿವಿಯಣ್ಣ ಕಾರನ್ನು ಸ್ಟಾರ್ಟ್ ಮಾಡಿಸಿ ಎಂದಿನಂತೆ ಸ್ಕ್ರೂಡ್ರೈವರ್ ಕಚ್ಚಿ ನಿಂತ. ಡಾಕ್ಟರು ಕಾರನ್ನು ಮರೆತರು. ಓಡಿ ಬಂದು ಅವನ ಗಲ್ಲ ಹಿಡಿದು, ಜೇಬಿನಿಂದ ಸಣ್ಣ ಟಾರ್ಚು ತೆಗೆದು ಬಾಯೊಳಗೆ ಬಿಟ್ಟರು.

"ಅಯ್ಯೋ ಮಹಾರಾಯ, ಇದೇನು ಬಾಯೋ ಪಾಳುಬಿದ್ದ ಬೇಲಿಯೋ? ಮೇಲಿನ ಸಾಲು ಒಂದಾದ್ರೂ ನೆಟ್ಟಗೆ ನಿಂತಿದ್ಯಾ? ನೋವಿಲ್ವಾ?"

ನೋವಿತ್ತು. ಎಂಟು ತಿಂಗಳಿಂದ ಇತ್ತು. ಬ್ರೆಡ್ಡನ್ನು ಹಾಲಲ್ಲಿ ಅದ್ದಿ ತಿನ್ನುತ್ತಿದ್ದ, ಹೆಂಡತಿಗೆ ರುಚಿ ಎಂದು ಸುಳ್ಳು ಹೇಳಿದ್ದ. ಮೂವತ್ತಾರು ವರ್ಷ ಮರದ ಹಿಡಿ ಕಚ್ಚಿದ್ದಕ್ಕೆ ಮುಂಬಲ್ಲುಗಳು ಅಂಚು ಸವೆದು, ಬುಡ ಸಡಿಲವಾಗಿ, ನಾಲಿಗೆ ತಾಗಿದರೆ ಪಿಯಾನೋದ ಕೀಲಿಗಳಂತೆ ಆಡುತ್ತಿದ್ದವು. ಅಲ್ಲೇ, ಬಾನೆಟ್ಟಿನ ಪಕ್ಕದಲ್ಲೇ ಒಪ್ಪಂದವಾಯಿತು: ಡಾಕ್ಟರು ಇವನ ಬಾಯಿ ನೋಡಿಕೊಳ್ಳುವುದು, ಇವನು ಅವರ ಇಂಜಿನ್ ನೋಡಿಕೊಳ್ಳುವುದು.

ಎರಡೂ ಕೆಲಸ ಒಂದೇ ವಾರಕ್ಕೆ ಬಿದ್ದವು. ಕ್ಯಾಮಿನ ಪಾರ್ಸೆಲ್ ಬಂದದ್ದು ಬುಧವಾರ. ಆ ಭಾನುವಾರವೇ ಪೋಸ್ಟ್ ಮಾಸ್ಟರನ್ನು ಸೋಲಿಸಬೇಕೆಂದು ಡಾಕ್ಟರು ಹಟ ಹಿಡಿದಿದ್ದರು. ಗುರುವಾರ ಬೆಳಿಗ್ಗೆ ಕಿವಿಯಣ್ಣನ ಮೇಲಿನ ಹದಿಮೂರು ಹಲ್ಲು ಕಿತ್ತು, ಮುಂಚೆಯೇ ಮಾಡಿಸಿಟ್ಟ ಕಟ್ಟುಹಲ್ಲಿನ ಸೆಟ್ಟನ್ನು ಅಲ್ಲೇ ಕೂರಿಸಿ, "ಒಸಡು ಮಾಗಿದ ಮೇಲೆ ಸ್ವಲ್ಪ ಅಡ್ಜಸ್ಟ್ ಮಾಡಬೇಕಾಗತ್ತೆ, ಆಮೇಲೆ ನೋಡೋಣ, ಈಗ ನಡೀರಿ ಶೆಡ್ಡಿಗೆ" ಎಂದು ತಾವೇ ಬಿಟ್ಟುಬಂದರು.

ಶುಕ್ರವಾರ ಕ್ಯಾಮು, ಹೊಸ ಟ್ಯಾಪೆಟ್ಟು, ಹೊಸ ಸ್ಪ್ರಿಂಗುಗಳು ಕೂತವು. ಹೆಡ್ಡಕ್ಕ ಗೇಜು ತೆಗೆದಳು. "ಉಬ್ಬು ಪೂರ್ತಿ ಮೇಲೆ ಬಂದಾಗ ಸ್ಪ್ರಿಂಗಿನ ಸುರುಳಿಗಳ ಮಧ್ಯೆ ಜಾಗ ಉಳಿಯತ್ತಾ ನೋಡಬೇಕು. ಸುರುಳಿಗೆ ಸುರುಳಿ ಕೂತುಬಿಟ್ರೆ ಸ್ಪ್ರಿಂಗ್ ಸ್ಪ್ರಿಂಗಾಗಿರಲ್ಲ, ಕಬ್ಬಿಣದ ಗುಂಡಾಗತ್ತೆ. ಎಂಟು ಸ್ಪ್ರಿಂಗ್ ಇದೆ, ಅರ್ಧ ದಿನ ಕೊಡಿ."

ಕಿವಿಯಣ್ಣನ ಬಾಯಿ ತುಂಬ ಹತ್ತಿ. ಮಾತಾಡಲಾರದೆ, ಪಾರ್ಸೆಲ್ಲಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದ: 'ಬೇಡ. ಕೇಳಿ ಹೇಳ್ತೀನಿ.'

"ಕೇಳಿ ಕೇಳಿ ಹಲ್ಲೇ ಹೋಯ್ತು" ಎಂದಳು ಅವಳು. ಪಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರನ್ನು ಸದ್ದಾಗುವ ಹಾಗೆ ಮುಚ್ಚಿದಳು.

ಹೊಸ ಕ್ಯಾಮಿನ ಇಂಜಿನ್ನನ್ನು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಪ್ಪತ್ತು ನಿಮಿಷ ಜೋರಾಗಿಯೇ ತಿರುಗಿಸಬೇಕು. ಆಗಲೇ ಕೆಳಗಿನ ಎಣ್ಣೆ ಚಿಮ್ಮಿ ಕ್ಯಾಮಿಗೆ ಬೀಳುವುದು, ಉಬ್ಬೂ ಟ್ಯಾಪೆಟ್ಟೂ ಒಂದಕ್ಕೊಂದು ಹೊಂದಿಕೊಳ್ಳುವುದು. ಇದು ಕಿವಿಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಎಂಟನೇ ನಿಮಿಷಕ್ಕೆ ಡಾಕ್ಟರು ತಡೆಯಲಾರದೆ ಕಿಟಕಿಯೊಳಗೆ ತಲೆ ಹಾಕಿದರು. "ಒಂದ್ಸಲ ಇಳಿಸಿ ಕಿವಿಯಣ್ಣ, ಆ ಕುಂಟೋ ಸದ್ದು ಕೇಳಬೇಕು ನನಗೆ, ಒಂದೇ ಒಂದ್ಸಲ." ಇಂಥ ಕ್ಯಾಮಿನ ಇಂಜಿನ್ ನಿಧಾನಕ್ಕಿಳಿದಾಗ ಕುದುರೆ ಕುಂಟಿದಂತೆ ದಬಕ್ ದಬಕ್ ಎನ್ನುತ್ತದೆ. ಅದಕ್ಕಾಗಿ ಪ್ರಾಣ ಬಿಡುವವರಿದ್ದಾರೆ. ಬೇಡವೆನ್ನಲು ಬಾಯಲ್ಲಿ ಹತ್ತಿ. ಕಿವಿಯಣ್ಣ ಪೆಡಲಿನ ಮೇಲಿಂದ ಕಾಲು ತೆಗೆದ. ಡಾಕ್ಟರು ಕಣ್ಣು ಮುಚ್ಚಿ ಸದ್ದನ್ನು ಸವಿದರು, ಪಕ್ಕದ ಅಂಗಡಿಯವರನ್ನೂ ಕರೆದು ಕೇಳಿಸಿದರು. ಒಂದ್ಸಲ ಎಂಬುದು ಹನ್ನೆರಡು ನಿಮಿಷವಾಯಿತು.

ಆ ಭಾನುವಾರ ಪೋಸ್ಟ್ ಮಾಸ್ಟರ್ ಎರಡನೆಯವರಾದರು. ಡಾಕ್ಟರು ಶೆಡ್ಡಿಗೆ ಬಂದು ಕಿವಿಯಣ್ಣನನ್ನು ತಬ್ಬಿಕೊಂಡರು. ತಬ್ಬಿದ ರಭಸಕ್ಕೆ ಹಲ್ಲಿನ ಸೆಟ್ಟು ಅರ್ಧ ಇಂಚು ಜಾರಿತು, ಇಬ್ಬರೂ ಗಮನಿಸದವರಂತೆ ನಡೆದುಕೊಂಡರು.

ಅಸಲಿ ಗೋಳು ಶುರುವಾದದ್ದು ಮರುವಾರ. ಬೇಕರಿಯ ವ್ಯಾನು ಬಂತು. ಎಣ್ಣೆ ಬದಲಿಸಿದರೆ ಸಾಕಿತ್ತು, ಅಭ್ಯಾಸಬಲದಿಂದ ಸ್ಕ್ರೂಡ್ರೈವರ್ ಕಚ್ಚಿದ ಕಿವಿಯಣ್ಣ ಬೆಚ್ಚಿಬಿದ್ದ. ಒಳಗೆ ಟಕಟಕಟಕ ಎಂದು ಟ್ಯಾಪೆಟ್ಟುಗಳು ಕುಣಿಯುತ್ತಿದ್ದವು. "ಹೆಡ್ ಬಿಚ್ಚಬೇಕು" ಎಂದ. ಬಿಚ್ಚಿದರು. ಹೆಡ್ಡಕ್ಕ ಎಲ್ಲ ಅಳೆದು, "ನನಗಿಂತ ಚೆನ್ನಾಗಿದೆ" ಎಂದು ವಾಪಸು ಕೂರಿಸಿದಳು. ಮಾರನೇ ದಿನ ಒಬ್ಬ ಮೇಷ್ಟ್ರ ಕಾರು, ಅದೇ ಟಕಟಕ. ಅದನ್ನೂ ಬಿಚ್ಚಿದರು, ಅದರಲ್ಲೂ ಏನಿಲ್ಲ. ಮೂರನೆಯದು ಹೆರಿಗೆ ಆಸ್ಪತ್ರೆಯ ಜನರೇಟರ್. ಅದರ ಹೆಡ್ಡನ್ನು ತಿರುಗಿ ಕೂರಿಸುತ್ತ ಹೆಡ್ಡಕ್ಕ ಒಂದೇ ಮಾತು ಹೇಳಿದಳು: "ನಾಲ್ಕನೇದು ಬಿಚ್ಚಿಸೋ ಮುಂಚೆ ನಿಮ್ಮದೊಂದ್ಸಲ ಬಿಚ್ಚಿ ನೋಡ್ತೀನಿ."

ಗುಟ್ಟು ಬಯಲಾದದ್ದು ಮನೆಯ ಫ್ರಿಜ್ಜಿನ ಮುಂದೆ. ಶೆಡ್ಡಿನ ಮೇಲೆಯೇ ಮನೆ. ಮಧ್ಯಾಹ್ನ ಅವಳು ಸ್ನಾನಕ್ಕೆ ಹೋಗಿದ್ದಾಗ, ಫ್ರಿಜ್ಜು ಗುರ್ರೆನ್ನುವುದನ್ನು ಕೈಯಿಂದ ಮುಟ್ಟಿ ತಿಳಿದ ಕಿವಿಯಣ್ಣ ಯಾವ ಪ್ರೇರಣೆಯಿಂದಲೋ ಅದರ ಬೆನ್ನಿಗೆ ಸ್ಕ್ರೂಡ್ರೈವರ್ ಒತ್ತಿ ಕಚ್ಚಿದ. ಟಕಟಕಟಕ. ಅದೇ ಟ್ಯಾಪೆಟ್ ಸದ್ದು, ಕರಾರುವಾಕ್ಕಾಗಿ. ಫ್ರಿಜ್ಜಿಗೆ ಟ್ಯಾಪೆಟ್ ಎಲ್ಲಿಂದ ಬರಬೇಕು? ಅವನು ಹೆಬ್ಬೆರಳಿನಿಂದ ಮೇಲಿನ ಸೆಟ್ಟನ್ನು ಒಸಡಿಗೆ ಗಟ್ಟಿಯಾಗಿ ಒತ್ತಿ ಹಿಡಿದ. ಸದ್ದು ನಿಂತಿತು. ಬಿಟ್ಟ, ಮತ್ತೆ ಶುರುವಾಯಿತು.

ಸವೆದ ಟ್ಯಾಪೆಟ್ಟು ಅವನ ಬಾಯಲ್ಲೇ ಇತ್ತು.

ಅವನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ಸೆಟ್ಟು ಬಿಚ್ಚಿ, ಬೋಳು ಒಸಡಿನಲ್ಲಿ ಹಿಡಿಯನ್ನು ಕಚ್ಚಿ ನೋಡಿದ. ಏನೂ ಇಲ್ಲ, ಹಾಸಿಗೆಯೊಳಗೆ ಯಾರೋ ಮಾತಾಡಿದಂತೆ ಒಂದು ಗುಜುಗುಜು. ಮೂವತ್ತಾರು ವರ್ಷ ಅವನ ತಲೆಬುರುಡೆಯೊಳಗೆ ಇಂಜಿನ್ನುಗಳು ಬಂದು ತಮ್ಮ ಕಷ್ಟಸುಖ ಹೇಳಿಕೊಂಡು ಹೋಗಿದ್ದವು. ಬೇರಿಂಗಿನ ನರಳಾಟ ಬೇರೆ, ಪಿಸ್ಟನ್ನಿನ ಕೆಮ್ಮು ಬೇರೆ, ಸರಿಯಾಗಿ ಹೊಂದಿದ ವಾಲ್ವು ಮುಚ್ಚುವಾಗಿನ ಆ ಮೆತ್ತನೆಯ 'ತುಪ್' ಬೇರೆ. ಆ 'ತುಪ್' ಕೇಳಿದಾಗ ಅವನಿಗೆ ಬೆನ್ನಹುರಿಯಲ್ಲಿ ಸುಖವಾಗುತ್ತಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಎಲ್ಲ ಬಂದ್. ಐವತ್ತೆಂಟನೇ ವಯಸ್ಸಿಗೆ ತಾನು ಫ್ರಿಜ್ಜಿನ ಹಿಂದೆ ಕೂತು ಅಳುತ್ತಿದ್ದೇನೆಂಬುದು ಅವನಿಗೆ ಅರಿವಾದದ್ದು ಬಚ್ಚಲಿನ ನಲ್ಲಿ ನಿಂತ ಮೇಲೆ. ಮೂಗೊರೆಸಿಕೊಂಡು ಎದ್ದ.

ಅವತ್ತೇ ಹೆಂಡತಿಗೆ ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಲಿಲ್ಲ. ಕಿವಿಯಣ್ಣನೆಂದು ಹೆಸರು ಹೊತ್ತವನು 'ನನಗೆ ಕೇಳಿಸುತ್ತಿಲ್ಲ' ಎನ್ನುವುದು ಹೇಗೆ? ಬದಲಿಗೆ ಒಂದು ಹೊಸ ನೀತಿ ಮಾಡಿಕೊಂಡ: ಇನ್ನು ಮೇಲೆ ಟಕಟಕ ಕೇಳಿಸಿದರೆ ಅದು ಬಾಯಿ, ಇಂಜಿನ್ ಅಲ್ಲ. ಯಾವ ಗಾಡಿ ಬಂದರೂ ಕಚ್ಚಿ, ಕಣ್ಣು ಮುಚ್ಚಿ, ಐದರ ತನಕ ಎಣಿಸಿ, "ಏನಿಲ್ಲ, ಓಡಿಸಿ" ಎನ್ನತೊಡಗಿದ. ಹೆಚ್ಚಿನ ಗಾಡಿಗಳಿಗೆ ನಿಜಕ್ಕೂ ಏನಿರಲಿಲ್ಲ, ಹಾಗಾಗಿ ಅವನ ಕೀರ್ತಿ ಇನ್ನಷ್ಟು ಏರಿತು.

ಐದನೇ ವಾರ ಡಾಕ್ಟರು ಕಾರು ತಂದರು. "ಏನೋ ಟಿಕ್ ಟಿಕ್ ಅನ್ನತ್ತೆ ಕಿವಿಯಣ್ಣ."

ಕಿವಿಯಣ್ಣ ಕಚ್ಚಿದ, ಐದರ ತನಕ ಎಣಿಸಿದ. "ಏನಿಲ್ಲ."

"ಇದೆ" ಎಂದಳು ಹೆಡ್ಡಕ್ಕ. ಅವಳಿಗೆ ಹತ್ತಡಿ ದೂರದಿಂದಲೇ ಕೇಳಿಸುತ್ತಿತ್ತು. ಮೇಲಿನ ಕವರ್ ತೆಗೆದು, ಮೂರನೇ ಸಿಲಿಂಡರಿನ ವಾಲ್ವಿನ ತಲೆಗೂ ಅದನ್ನು ತಳ್ಳುವ ರಾಕರಿಗೂ ನಡುವಿನ ಸಂದಿಗೆ ಪಟ್ಟಿ ತೂರಿಸಿದಳು. ಇರಬೇಕಾದದ್ದಕ್ಕಿಂತ ದುಪ್ಪಟ್ಟು ಸಂದಿ. ತಿರುಪು ತಿರುಗಿಸಿ ಸರಿಮಾಡಿದಳು, ಟಿಕ್ ಟಿಕ್ ನಿಂತಿತು. ಮರುವಾರ ಡಾಕ್ಟರು ಮತ್ತೆ ಬಂದರು, ಅದೇ ಸಂದಿ ಮತ್ತೆ ಅಗಲವಾಗಿತ್ತು.

"ರೀ, ಇಲ್ಲಿ ನೋಡಿ. ವಾಲ್ವಿನ ಸೀಟು ಸವೆದ್ರೆ ಸಂದಿ ಕಮ್ಮಿ ಆಗ್ಬೇಕು. ಇದು ಜಾಸ್ತಿ ಆಗ್ತಾ ಇದೆ. ಕೆಳಗೆ ಕ್ಯಾಮು ಕರಗ್ತಾ ಇದೆ."

"ಹೊಸದು, ಕೂತ್ಕೊಳ್ತಾ ಇದೆ ಅಷ್ಟೇ" ಎಂದ ಕಿವಿಯಣ್ಣ. "ನಾನು ಕೇಳಿದೀನಿ. ಏನಿಲ್ಲ."

"ನಾನು ಅಳೆದಿದೀನಿ."

ಡಾಕ್ಟರು ಇಬ್ಬರ ಮುಖ ನೋಡಿದರು. ಒಂದು ಕಡೆ ಅಳತೆ, ಇನ್ನೊಂದು ಕಡೆ 'ಏನಿಲ್ಲ' ಎಂಬ ಮಾತು. ಭಾನುವಾರಕ್ಕೆ ಮೂರು ದಿನ ಬಾಕಿ. ಅವರು ಯಾವುದನ್ನು ಆರಿಸಿಕೊಂಡರೆಂದು ಹೇಳಬೇಕಿಲ್ಲ.

ಭಾನುವಾರ ಆರನೇ ಸುತ್ತಿನಲ್ಲಿ ಕೆಂಪು ಕಾರು ಒಮ್ಮೆ ಸೀನಿತು. ಕಾರ್ಬುರೇಟರಿನಿಂದ ಬೆಂಕಿಯ ನಾಲಿಗೆಯೊಂದು ಹೊರಬಂದು ಒಳಹೋಯಿತು. ಆಮೇಲೆ ಮೂರು ಕಾಲಿನ ಮೇಲೆ ನಡೆಯುವ ಪ್ರಾಣಿಯಂತೆ ತಡವರಿಸಿ, ವಿಮಾನಪಟ್ಟಿಯ ನಟ್ಟನಡುವೆ ನಿಂತಿತು. ಪೋಸ್ಟ್ ಮಾಸ್ಟರ್ ಪಕ್ಕದಲ್ಲಿ ಹಾದುಹೋಗುವಾಗ ಕೈಬೀಸಿದರಂತೆ. ಕಾರನ್ನು ಶೆಡ್ಡಿಗೆ ಎಳೆದು ತಂದದ್ದು ತರಕಾರಿ ಸಾಗಿಸುವ ಟ್ರಕ್ಕು.

ಸೋಮವಾರ ಬೆಳಿಗ್ಗೆ ಹೆಡ್ಡಕ್ಕ ಯಾರನ್ನೂ ಕೇಳಲಿಲ್ಲ. ಎಣ್ಣೆಯ ಫಿಲ್ಟರ್ ಬಿಚ್ಚಿ, ಡಬ್ಬಿ ಕತ್ತರಿಸುವ ಹಾಗೆ ಅದನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಪೂರ್ತಿ ಜರಿ ಸೀರೆಯಂತೆ ಮಿನುಗುತ್ತಿತ್ತು. ಉಕ್ಕಿನ ಪುಡಿ. ಸಂಜೆ ನಾಲ್ಕಕ್ಕೆಲ್ಲ ಕ್ಯಾಮನ್ನು ಹೊರಗೆಳೆದು ಬೆಂಚಿನ ಮೇಲೆ ಮಲಗಿಸಿದಳು. ಏಳು ಉಬ್ಬು ಹೇಗೋ ಉಳಿದಿದ್ದವು. ಮೂರನೇ ಸಿಲಿಂಡರಿನ ಒಂದು ಉಬ್ಬು ತಿಂದು ಬಿಟ್ಟ ಐಸ್‌ಕ್ರೀಮಿನಂತೆ ದುಂಡಗಾಗಿತ್ತು. ಅದರ ಟ್ಯಾಪೆಟ್ಟಿನ ತಳ ಬಟ್ಟಲಿನ ಹಾಗೆ ಗುಳಿಬಿದ್ದಿತ್ತು. ಮೇಲಿನ ಸ್ಪ್ರಿಂಗನ್ನು ವೈಸಿನಲ್ಲಿ ಒತ್ತಿ ಅಳೆದಳು. ಬಾಗಿಲು ಪೂರ್ತಿ ತೆರೆಯುವ ಮುಂಚೆಯೇ ಸುರುಳಿಗೆ ಸುರುಳಿ ಕಚ್ಚಿಕೊಳ್ಳುತ್ತಿತ್ತು. ಅರ್ಧ ದಿನ ಅಳೆದಿದ್ದರೆ ಕ್ಯಾಮು ಕೂರಿಸಿದ ಆ ಶುಕ್ರವಾರವೇ ಸಿಗುತ್ತಿದ್ದ ಲೆಕ್ಕ.

ಗಂಡನನ್ನು ಕರೆದು ತೋರಿಸಿದಳು. ಬೈಯಲಿಲ್ಲ. ಬೈದಿದ್ದರೆ ಅವನು ತಿರುಗಿ ಬೈದು ಪಾರಾಗುತ್ತಿದ್ದ.

ಕಿವಿಯಣ್ಣ ಆ ಸವೆದ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದ. "ನನಗೆ ಕೇಳಿಸ್ತಾ ಇಲ್ಲ ಕಣೇ" ಎಂದ. "ಹಲ್ಲು ಕಿತ್ತ ದಿನದಿಂದ ಏನೂ ಕೇಳಿಸ್ತಾ ಇಲ್ಲ. ಸುಮ್ನೆ ಕಚ್ಚಿ ನಿಂತ್ಕೋತಿದ್ದೆ."

ಅವಳು ಕನ್ನಡಕ ತೆಗೆದಳು. ಸೆರಗಿನಿಂದ ಅದರ ಗಾಜು ಒರೆಸುತ್ತ ಕೇಳಿದಳು: "ಇಷ್ಟು ದಿನ ನನಗ್ಯಾಕೆ ಹೇಳಲಿಲ್ಲ?"

"ನಿನಗೇ ಗೊತ್ತಾಗಿರತ್ತೆ ಅಂದ್ಕೊಂಡೆ."

"ಹೇಗ್ರೀ ಗೊತ್ತಾಗ್ಬೇಕು?" ಅವಳ ದನಿ ಏರಿತು. "ಮೂವತ್ತು ವರ್ಷ ಕಿವಿ ಕೇಳಿಸ್ತಿದ್ದಾಗಲೂ ನನ್ನ ಒಂದು ಮಾತು ಕೇಳಿದೋರಲ್ಲ ನೀವು. ಕೇಳಿಸದೇ ಇದ್ದಾಗ ಏನು ವ್ಯತ್ಯಾಸ ಕಾಣತ್ತೆ?"

ಅಂದವಳಿಗೇ ನಗು ಬಂತು. ತಡೆಯಲು ಹೋಗಿ ಕೆಮ್ಮಿದಳು. ಕಿವಿಯಣ್ಣನೂ ನಗಲು ಬಾಯಿ ತೆರೆದ, ಸೆಟ್ಟು ಕಳಚಿ ಎಣ್ಣೆಯ ತಟ್ಟೆಗೆ ಬಿತ್ತು. ಅವಳು ಅದನ್ನು ಇಕ್ಕಳದಲ್ಲಿ ಎತ್ತಿ, ಸೀಮೆಎಣ್ಣೆಯಲ್ಲಿ ಅದ್ದಬೇಕೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದಳು. ಕೊನೆಗೆ ಸೋಪಿನಲ್ಲಿ ತೊಳೆದಳು. ತೊಳೆದವಳು ಹಾಗೇ ಬಿಡುವವಳಲ್ಲ. ಆ ಸೆಟ್ಟಿನ ಅಂಚಿಗೂ ಅವನ ಒಸಡಿಗೂ ನಡುವೆ ಹೊಸದೊಂದು ಫೀಲರ್ ಪಟ್ಟಿ ಹಿಡಿದು ಅಳೆದಳು.

ಮಾರನೇ ದಿನ ಅವಳು ಒಂದು ಕೈಯಲ್ಲಿ ಕ್ಯಾಮು ಇಟ್ಟ ಬಟ್ಟೆಯ ಚೀಲ, ಇನ್ನೊಂದು ಕೈಯಲ್ಲಿ ಗಂಡನ ರಟ್ಟೆ ಹಿಡಿದು ಡಾಕ್ಟರ ಕ್ಲಿನಿಕ್ಕಿಗೆ ನಡೆದಳು. ಹೊರಗೆ ಕೆನ್ನೆ ಹಿಡಿದು ಕೂತಿದ್ದ ನಾಲ್ವರನ್ನು ದಾಟಿ ಸೀದಾ ಒಳನುಗ್ಗಿ, ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ, ಸಣ್ಣ ಕನ್ನಡಿ ಕೊಕ್ಕೆಗಳ ಮಧ್ಯೆ ಕ್ಯಾಮನ್ನು ಧಡ್ಡೆಂದು ಇಟ್ಟಳು.

"ಡಾಕ್ಟ್ರೇ, ಮೂರನೇದು ಹೋಗಿದೆ. ಸ್ಪ್ರಿಂಗ್ ಅಳೀದೇ ಇದ್ದದ್ದು ನಮ್ಮ ತಪ್ಪು. ಇವರಿಗೆ ಕೇಳಿಸದೇ ಇದ್ರೂ ಕೇಳಿಸತ್ತೆ ಅಂದದ್ದು ಇವರ ತಪ್ಪು. ಇಪ್ಪತ್ತು ನಿಮಿಷ ತಡೀದೇ ಎಂಟಕ್ಕೇ ಇಳಿಸಿ ಅಂದದ್ದು ನಿಮ್ಮ ತಪ್ಪು. ಈಗ ಇವರ ಬಾಯಿ ನೋಡಿ."

ಕಿವಿಯಣ್ಣ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ. ಡಾಕ್ಟರು ಬೆರಳಿನಿಂದ ಸೆಟ್ಟನ್ನು ಮುಟ್ಟಿದರು. ಅದು ಚಹಾದ ತಟ್ಟೆಯಲ್ಲಿಟ್ಟ ಬಟ್ಟಲಿನಂತೆ ಅಲುಗಿತು. ಅವರ ಮುಖ ಕೆಂಪಾಯಿತು.

"ಮೂರು ವಾರಕ್ಕೇ ಕರೀಬೇಕಿತ್ತು" ಎಂದರು. "ಒಸಡು ಮಾಗಿದ ಹಾಗೆ ಕುಗ್ಗತ್ತೆ, ಸೆಟ್ಟು ಸಡಿಲ ಆಗತ್ತೆ. ಒಳಗಡೆ ಹೊಸ ಪದರ ಕೊಡಬೇಕು. ನಾನು... ಕಾರಿನ ಗುಂಗಲ್ಲಿ ಮರೆತೇಬಿಟ್ಟೆ."

"ಎಷ್ಟು ಸಂದಿ ಬಿಟ್ಟಿದೆ ಗೊತ್ತಾ?" ಎಂದಳು ಹೆಡ್ಡಕ್ಕ. ಪಟ್ಟಿಯ ಮೇಲಿನ ಅಂಕಿ ತೋರಿಸಿದಳು. "ನಿಮ್ಮ ಇಂಜಿನ್ನಲ್ಲೂ ಇಷ್ಟಿರಲಿಲ್ಲ."

ಡಾಕ್ಟರು ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಇದು ಎಲ್ಲಿ ಸಿಗತ್ತೆ?" ಎಂದು ನಿಜವಾದ ಆಸಕ್ತಿಯಿಂದ ಕೇಳಿದರು. ಕುರ್ಚಿಯಲ್ಲಿ ಬಾಯಿ ತೆರೆದೇ ಇದ್ದ ಕಿವಿಯಣ್ಣ "ಆಆ" ಎಂದು ಏನೋ ಹೇಳಿದ. ಇಬ್ಬರೂ ಅವನ ಕಡೆ ತಿರುಗಲಿಲ್ಲ. ಹೊರಗೆ ಕಾಯುತ್ತಿದ್ದ ನಾಲ್ವರಲ್ಲಿ ಒಬ್ಬ ಎದ್ದು ಮನೆಗೆ ಹೋದ.

ಕಾರಿನ ಕೆಲಸ ಎರಡು ತಿಂಗಳು ಹಿಡಿಯಿತು. ಈ ಸಲ ಯಜಮಾನಿಕೆ ಹೆಡ್ಡಕ್ಕನದು. ಉಕ್ಕಿನ ಪುಡಿ ಹೋಗದ ಜಾಗವಿರಲಿಲ್ಲ. ಇಂಜಿನ್ನಿನ ಪ್ರತಿ ತೂತಿಗೂ ಬ್ರಷ್ಷು ಹಾಕಿ ತೊಳೆಸಿದಳು, ಬೇರಿಂಗುಗಳನ್ನೆಲ್ಲ ಬದಲಿಸಿದಳು. ತೊಳೆದವನು ಕಿವಿಯಣ್ಣ. ಹೊಸ ಕ್ಯಾಮಿನ ಮಾತು ಬಂದಾಗ ಡಾಕ್ಟರು ಮತ್ತೆ ಅದೇ ಎತ್ತರದ್ದಕ್ಕೆ ಬಾಯಿ ತೆರೆದರು. ಅವಳು ಅದಕ್ಕಿಂತ ಕುಳ್ಳಗಿನ ಉಬ್ಬಿನದನ್ನು ತೋರಿಸಿ, "ಪೋಸ್ಟ್ ಮಾಸ್ಟರನ್ನ ಒಂದು ದಿನ ಸೋಲಿಸ್ಬೇಕಾ, ವರ್ಷ ಪೂರ್ತಿ ಅವರ ಹಿಂದೆ ಓಡ್ಬೇಕಾ?" ಎಂದು ಕೇಳಿದಳು. ಡಾಕ್ಟರು ಒಂದು ರಾತ್ರಿ ಯೋಚಿಸಿ, ಓಡುವುದೇ ಲೇಸೆಂದು ಒಪ್ಪಿದರು.

ಹಲ್ಲಿನ ಹೊಸ ಪದರ ಚೆನ್ನಾಗಿ ಕೂತಿತು, ಕಿವಿಯಣ್ಣ ಸೇಬನ್ನು ಇಡಿಯಾಗಿ ಕಚ್ಚಿ ತಿಂದ. ಆದರೆ ಕಳೆದ ಸದ್ದು ತಿರುಗಿ ಬರಲಿಲ್ಲ. ಒಂದು ದಿನ ಹೆಂಡತಿ ಇಲ್ಲದಾಗ ಪ್ರಯತ್ನಿಸಿದ, ಹಾಸಿಗೆಯೊಳಗಿನ ಅದೇ ಗುಜುಗುಜು. ಸ್ಕ್ರೂಡ್ರೈವರನ್ನು ತಿರುಪು ತೆಗೆಯಲು ಬಳಸತೊಡಗಿದ, ಅದು ಇದ್ದದ್ದೇ ಅದಕ್ಕೆ. ಗಿರಾಕಿಗಳು ಬಂದು "ಕಿವಿಯಣ್ಣ, ಒಂಚೂರು ಕೇಳಿ ಹೇಳಿ" ಎಂದಾಗ ಮೊದಮೊದಲು ಬಾನೆಟ್ಟಿನೊಳಗೆ ತಲೆ ತೂರಿಸಿ ಕೆಲಸದಲ್ಲಿರುವವನಂತೆ ನಟಿಸುತ್ತಿದ್ದ. "ಕೇಳೋದು ನಿಲ್ಸಿದೀನಿ, ಅಳೀತೀವಿ" ಎನ್ನಲು ನಾಲ್ಕು ವಾರ ಬೇಕಾಯಿತು. ಹೆಂಡತಿ ಡಯಲ್ ಗೇಜು ಓದಲು ಕಲಿಸಿದಳು. ಮೊದಲ ದಿನ ಅದನ್ನು ತಲೆಕೆಳಗಾಗಿ ಹಿಡಿದು, ಒಳ್ಳೇ ಗೈಡೊಂದನ್ನು ಎಸೆಯಲು ಹೇಳಿದ. ಅವಳು ಗೇಜನ್ನು ತಿರುಗಿಸಿ ಅವನ ಕೈಗೆ ಕೊಟ್ಟಳು.

ಹೊಸ ಕ್ಯಾಮಿನ ಮೊದಲ ಇಪ್ಪತ್ತು ನಿಮಿಷ ಡಾಕ್ಟರನ್ನು ಮಹಡಿಯ ಮೇಲೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿದ್ದರು.

ಮುಂದಿನ ಭಾನುವಾರ ಗಂಡಹೆಂಡಿರಿಬ್ಬರೂ ವಿಮಾನಪಟ್ಟಿಗೆ ಹೋದರು. ಇಷ್ಟು ವರ್ಷ ಇಂಜಿನ್ ಬಿಚ್ಚಿ ಕೂರಿಸಿದವಳು ಅವು ಹೀಗೆ ಪೂರ್ತಿ ವೇಗದಲ್ಲಿ ಓಡುವುದನ್ನು ನೋಡಿರಲಿಲ್ಲ. ಡಾಕ್ಟರು ಮೂರನೆಯವರಾದರು, ಪೋಸ್ಟ್ ಮಾಸ್ಟರ್ ಮೊದಲು. ಸುತ್ತು ಮುಗಿದ ಮೇಲೆ ಹೆಡ್ಡಕ್ಕ ಕವರ್ ಬಿಚ್ಚಿ ಎಂಟೂ ಸಂದಿ ಅಳೆದಳು. ಒಂದೂ ಕದಲಿರಲಿಲ್ಲ. ಸೀರೆಯ ಸೆರಗಿಗೆ ಕೈಯೊರೆಸಿಕೊಂಡು ಅವಳು ಕೇಳಿದಳು: "ಡಾಕ್ಟ್ರೇ, ಒಂದು ಸುತ್ತು ನಾನು ಓಡಿಸ್ಲಾ?"

ಡಾಕ್ಟರು ಕೀಲಿ ಕೊಟ್ಟರು. ಕಿವಿಯಣ್ಣ ಬೇಡ ಬೇಡವೆನ್ನುತ್ತಲೇ ಪಕ್ಕದ ಸೀಟಿಗೆ ಹತ್ತಿದ. ಶೆಡ್ಡಿನಿಂದ ಬೀದಿಗೆ ಗಾಡಿ ಹಿಂದೆಮುಂದೆ ಮಾಡುವುದಷ್ಟೇ ಅವಳಿಗೆ ರೂಢಿ. ಮೊದಲ ತಿರುವಿನ ತನಕ ಎಮ್ಮೆ ಹೊಡಕೊಂಡು ಹೋದಂತೆ ಹೋದಳು. ನೇರದಾರಿ ಸಿಕ್ಕಾಗ ಕಾಲು ಒತ್ತಿದಳು. ಕಾರು ಮುಂದಕ್ಕೆ ಚಿಮ್ಮಿತು. ಕಿವಿಯಣ್ಣನ ಬೆನ್ನು ಸೀಟಿಗೆ ಅಂಟಿತು. ಇಂಜಿನ್ನಿನ ನಡುಕ ಅವನ ತೊಡೆ, ಅಂಗೈ, ಎದೆಗೂಡಿನ ತನಕ ಹತ್ತಿಬಂತು. "ಗೇರ್! ಗೇರ್ ಬದಲಿಸೇ!" ಎಂದು ಕೂಗಿದ. ಅವಳು ಬದಲಿಸಲಿಲ್ಲ. ಪಕ್ಕಕ್ಕೆ ನೋಡಿದರೆ ಹೆಂಡತಿಯ ಜಡೆ ಬಿಚ್ಚಿಹೋಗಿ ಕಿಟಕಿಯ ಗಾಳಿಗೆ ಹಾರುತ್ತಿತ್ತು, ಬಾಯಿ ತೆರೆದಿತ್ತು. ಅವಳು ಕಿರುಚುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಒಂದು ಸುತ್ತು ಎಂದವಳು ನಾಲ್ಕು ಹೊಡೆದಳು. ಇಳಿದು, ಕೂದಲು ಕಟ್ಟಿಕೊಳ್ಳುತ್ತ, ಕಾಯುತ್ತಿದ್ದ ಡಾಕ್ಟರಿಗೆ ಕೀಲಿ ಕೊಟ್ಟಳು. "ಸ್ಟಿಯರಿಂಗ್ ಎಡಕ್ಕೆ ಎಳೆಯತ್ತೆ. ನಾಳೆ ಗಾಡಿ ತನ್ನಿ" ಎಂದಳು. ಕಿವಿಯಣ್ಣ ಇನ್ನೂ ಸೀಟಿನಲ್ಲೇ ಕೂತಿದ್ದ, ಬೆಲ್ಟಿನ ಕೊಂಡಿ ಬಿಚ್ಚಲು ಬರದೆ.